ಮೊದಲು ಗೂಡು, ಆಮೇಲೆ ಕೋಳಿ

ಹೋದ ದೀಪಾವಳಿ ಮುಂದೆ ನಮ್ಮ ಸೊಸೆ ಸಂತೆಗೆ ಉಳ್ಳಾಗಡ್ಡಿ ತರಲು ಹೋದವಳು ಆರು ಕೋಳಿ ಹಿಡಿದುಕೊಂಡು ಬಂದಳು. ಮಕ್ಕಳಿಗೆ ಮನೆಯ ತತ್ತಿ ತಿನ್ನಿಸಬೇಕು ಅಂತ ಅವಳ ಆಸೆ. ಗೂಡೆಲ್ಲಿ ಅಂದೆ. "ಇವತ್ತೊಂದ ರಾತ್ರಿ ಹೆಡಗಿ ಡಬ್ಬ ಹಾಕಿ ಮುಚ್ಚೂಣ್ರೀ ಅತ್ತಿ, ನಾಳೆ ಗೂಡು ಕಟ್ಟಸೂಣು" ಅಂದಳು. ಆ ನಾಳೆ ಹತ್ತು ದಿನವಾದರೂ ಬರಲಿಲ್ಲ. ಹನ್ನೊಂದನೆಯ ಬೆಳಿಗ್ಗೆ ಎದ್ದು ನೋಡಿದರೆ ಹೆಡಗಿ ಒಂದು ಕಡೆ, ಮೇಲಿಟ್ಟ ಕಲ್ಲು ಒಂದು ಕಡೆ, ಹಿತ್ತಲ ತುಂಬ ಪುಕ್ಕ. ಉಳಿದದ್ದು ಮೂರು ಕೋಳಿ. ನಾನು ಬೈಯಲಿಲ್ಲ. ಹಳೇ ಬಾಗಲಕೋಟೆಯ ನಮ್ಮ ಓಣಿ ಇನ್ನೂ ಆಲಮಟ್ಟಿ ಹಿನ್ನೀರಿಗೆ ಸೇರದಿದ್ದಾಗ, ನಾನು ಹೊಸ ಸೊಸೆಯಾಗಿದ್ದಾಗ, ಇಂಥದೇ ಹೆಡಗಿ, ಇಂಥದೇ ಕಲ್ಲಿನಿಂದ ಪಾಠ ಕಲಿತವಳು ನಾನು. ಆಗ ಬೈದವರು ನಮ್ಮತ್ತೆ.

ಆದ್ದರಿಂದ ಕೋಳಿ ಸಾಕುವ ಆಸೆ ಇದ್ದವರಿಗೆ ನಾನು ಹೇಳುವುದು ಇಷ್ಟೇ: ಗೂಡಿನ ಬಾಗಿಲಿಗೆ ಚಿಲಕ ಕೂಡಿಸಿದ ಮೇಲೆ ಸಂತೆಗೆ ಹೋಗಿರಿ. ತಳಿ, ಮೇವು, ಔಷಧಿ ಎಲ್ಲ ಆಮೇಲಿನ ಮಾತು. ನಮ್ಮ ಕಡೆ ಕೋಳಿ ಸಾಯುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ. ಒಂದು ನಡುರಾತ್ರಿ, ಇನ್ನೊಂದು ಏಪ್ರಿಲ್-ಮೇ ತಿಂಗಳ ಮಟಮಟ ಮಧ್ಯಾಹ್ನ. ಗೂಡು ಈ ಎರಡನ್ನೂ ತಡೆಯಬೇಕು.

ಜಾಗ ನೋಡುವಾಗ ನೆರೆಮನೆಯನ್ನೂ ನೋಡಿರಿ. ನವನಗರದ ನಮ್ಮ ಓಣಿಯಲ್ಲಿ ಅರ್ಧ ಮನೆಯವರು ತತ್ತಿ ಮುಟ್ಟುವುದಿಲ್ಲ. ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ, ಗೂಡಿನ ವಾಸನೆ ಮೂಡಣ ಮನೆಯವರ ಅಡುಗೆಮನೆಗೆ ಹೋದರೆ ವರ್ಷಾನುಗಟ್ಟಲೆಯ ಗೆಳೆತನ ಕೆಡುತ್ತದೆ. ಗೂಡಿನ ಉದ್ದನೆಯ ಬದಿ ಮೂಡಣ-ಪಡುವಣವಾಗಿ ಇರಲಿ, ಆಗ ಬೆಳಗಿನ, ಸಂಜೆಯ ಓರೆ ಬಿಸಿಲು ಹೆಚ್ಚಾಗಿ ಬೀಳುವುದು ಗಿಡ್ಡ ಗೋಡೆಗಳ ಮೇಲೆ. ಪಡುವಣಕ್ಕೆ ಒಂದು ಬೇವಿನ ಮರವಿದ್ದರೆ ನಿಮ್ಮ ಪುಣ್ಯ.

ಎರಿ ಮಣ್ಣಿನವರು, ಅಂದರೆ ಕಪ್ಪು ಮಣ್ಣಿನವರು, ತಳಪಾಯದಲ್ಲಿ ಜುಗ್ಗತನ ಮಾಡಬೇಡಿರಿ. ನಾವು ಮೊದಲ ಸಲ ನಾಲ್ಕು ಕಂಬ ನೆಟ್ಟು ಕೈ ತೊಳೆದುಕೊಂಡೆವು. ಬ್ಯಾಸಗಿಯಲ್ಲಿ ಭೂಮಿ ಬಿರುಕು ಬಿಟ್ಟಿತು, ಮಳೆಯಾದ ಮೇಲೆ ಉಬ್ಬಿತು, ಕಂಬ ವಾಲಿದವು, ಬಾಗಿಲು ನಾಲ್ಕು ಬೆರಳು ಬಾಯಿ ತೆರೆದು ನಿಂತಿತು. ಬಿರುಕಿನೊಳಗಿಂದ ಹೆಗ್ಗಣಗಳ ಓಡಾಟ ಬೇರೆ. ಎರಡು ಅಡಿ ಎರಿ ತೆಗೆದು ಗರಸು ತುಂಬಿ, ನೀರು ಹೊಡೆದು ಧಮ್ಮಸ್ಸು ಮಾಡಿರಿ. ಮೇಲೆ ಪರಸಿ ಕಲ್ಲು ಹಾಸಿ, ನೆಲ ಅಂಗಳಕ್ಕಿಂತ ಒಂದಡಿ ಎತ್ತರ ಇರಲಿ. ಪರಸಿಯ ಸಂದಿಗೆ ಸಿಮೆಂಟು ಮೆತ್ತಿದರೆ ಹೆಗ್ಗಣಕ್ಕೆ ಹಾದಿಯಿಲ್ಲ, ತೊಳೆಯುವುದೂ ಸಲೀಸು.

ಒಂದು ಕೋಳಿಗೆ ಗೂಡಿನೊಳಗೆ 2 ಚದರ ಅಡಿ ಸಾಕು ಅನ್ನುತ್ತಾರೆ. ಎಂಟು ಕೋಳಿಗೆ 4 ಅಡಿ ಅಗಲ, 4 ಅಡಿ ಉದ್ದ ಆಯಿತು. ನಾನು 6 ಅಡಿ ಉದ್ದ ಮಾಡಿಸಿದೆ, ಯಾಕೆಂದರೆ ಎಂಟು ಅಂದವರ ಮನೆಯಲ್ಲಿ ಮುಂದಿನ ವರ್ಷ ಹನ್ನೆರಡು ಇರುತ್ತವೆ. ಎತ್ತರ ಮನುಷ್ಯ ತುಸು ಬಗ್ಗಿ ಒಳಗೆ ಹೋಗುವಷ್ಟು ಬೇಕು. ಕೈ ಹಾಕಿ ಬಳಿಯುವ ಗೂಡನ್ನು ಯಾರೂ ದಿನಾ ಬಳಿಯುವುದಿಲ್ಲ, ನಾನೂ ಬಳಿದಿಲ್ಲ.

ಗೋಡೆ ಒಂದೂವರೆ ಅಡಿ ಇಟ್ಟಂಗಿ, ಅದರ ಮೇಲೆಲ್ಲ ಜಾಳಿಗೆ. ಪೇಟೆಯಲ್ಲಿ ಕೋಳಿ ಜಾಳಿಗೆ ಅಂತ ಕೇಳಿದರೆ ಜೇನುಗೂಡಿನಂಥ ದೊಡ್ಡ ಕಣ್ಣಿನ ತೆಳು ತಂತಿ ಕೊಡುತ್ತಾರೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಒಳಗೆ ಬರುವವರನ್ನು ತಡೆಯುವುದಿಲ್ಲ. ಇಲಿ, ಹಾವು ನುಸುಳುತ್ತವೆ. ಮುಂಗುಸಿಯಂತೂ ಹೊರಗೇ ನಿಂತು ಮಲಗಿದ ಕೋಳಿಯ ಕುತ್ತಿಗೆ ಎಳೆಯುತ್ತದೆ. ಅರ್ಧ ಇಂಚಿನ ಚೌಕ ಕಣ್ಣಿನ ಬೆಸುಗೆ ಜಾಳಿಗೆ ತುಟ್ಟಿ, ಆದರೂ ಅದನ್ನೇ ತನ್ನಿರಿ. ಕೋಳಿ ಅಡ್ಡಾಡುವ ಅಂಗಳಕ್ಕೂ ಬೇಲಿ ಹಾಕುವುದಾದರೆ ಜಾಳಿಗೆಯನ್ನು ಒಂದಡಿ ನೆಲದೊಳಗೆ ಹೂಳಿ, ತುದಿಯನ್ನು ಹೊರಕ್ಕೆ ಮಡಚಿರಿ. ಕೆರೆಯುವ ಪ್ರಾಣಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಅಲ್ಲಿ ತಂತಿ ಸಿಕ್ಕರೆ ಬಿಟ್ಟು ಹೋಗುತ್ತದೆ. ನಮ್ಮ ಹಿಂದಿನ ಮನೆಯವರು ಒಂದು ಮುಧೋಳ ನಾಯಿ ಸಾಕಿದ್ದಾರೆ. ಬಂಗಾರದಂಥ ನಾಯಿ, ಆದರೆ ಓಡುವುದು ಕಣ್ಣಿಗೆ ಬಿದ್ದರೆ ಅದರ ಕಾಲು ನಿಲ್ಲುವುದಿಲ್ಲ. ಮೊಲವೋ ಕೋಳಿಯೋ ಅಂತ ಅದು ಕೇಳುವುದೂ ಇಲ್ಲ.

ಮಾಳಿಗೆಗೆ ಬರೀ ತಗಡು ಹಾಕಿದರೆ ಅದು ಗೂಡಲ್ಲ, ಹೋಳಿಗೆ ಹಂಚು. ನಮ್ಮಲ್ಲಿ 40 ಡಿಗ್ರಿ ದಾಟುವ ದಿನಗಳಿಗೇನೂ ಬರವಿಲ್ಲ. ಕೋಳಿಗೆ ಬೆವರುವುದು ಗೊತ್ತಿಲ್ಲ, ಬಾಯಿ ತೆರೆದು ತೇಕುವುದೇ ಮುಖ್ಯ ದಾರಿ. ತಗಡಿನ ಮೇಲೆ ಕಬ್ಬಿನ ರವದಿಯನ್ನೋ ಜೋಳದ ಕಣಕಿಯನ್ನೋ ಅರ್ಧ ಅಡಿ ದಪ್ಪ ಹೊದಿಸಿ ಹಗ್ಗ ಬಿಗಿಯಿರಿ. ಸೂರು ಎರಡೂವರೆ ಅಡಿ ಹೊರಗೆ ಚಾಚಲಿ, ಮಳೆಯ ಎರಚಲೂ ತಪ್ಪುತ್ತದೆ. ಮೇ ತಿಂಗಳಲ್ಲಿ ಪಡುವಣ ಬದಿಗೆ ಗೋಣಿ ತಟ್ಟು ಕಟ್ಟಿ, ಮಧ್ಯಾಹ್ನ ಎರಡು ಸಲ ನೀರು ಚಿಮುಕಿಸಿರಿ. ಎಲ್ಲ ಬದಿಗೂ ಕಟ್ಟಿದರೆ ಗಾಳಿ ನಿಂತು ಒಳಗೆ ಕುದಿಯುತ್ತದೆ. ನೀರಿಗೆ ಮಣ್ಣಿನ ಪಾತ್ರೆಯೇ ಆಗಬೇಕು. ದೊಡ್ಡ ಕೋಳಿ ಚಳಿಗಾಲದಲ್ಲಿ ದಿನಕ್ಕೆ ಕಾಲು ಲೀಟರ್ ಕುಡಿದರೆ, ಬ್ಯಾಸಗಿಯಲ್ಲಿ ಅದರ ಎರಡರಷ್ಟು ಬೇಡುತ್ತದೆ. ಕಾಳು ಹಾಕುವುದು ಹೊತ್ತೇರುವ ಮುಂಚೆ ಮತ್ತು ಸಂಜೆ. ಯಾವುದಾದರೂ ಕೋಳಿ ರೆಕ್ಕೆ ಇಳಿಬಿಟ್ಟು ಕುಸಿದರೆ ನೆರಳಿಗೆ ಒಯ್ದು ಕಾಲನ್ನು ಸಾದಾ ನೀರಿನಲ್ಲಿ ಅದ್ದಿರಿ, ಫ್ರಿಜ್ಜಿನ ನೀರು ಸುರಿಯಬೇಡಿರಿ.

ಒಳಗೆ ಕೂಡುವ ಗಳ ಎರಡು ಇಂಚು ದಪ್ಪ, ಅಂಚು ದುಂಡಗೆ, ಒಂದೊಂದು ಕೋಳಿಗೆ 8 ಇಂಚು ಜಾಗ. ಜಾಲಿ ಟೊಂಗೆಯಾದರೆ ತೊಗಟೆ ಪೂರ್ತಿ ಸುಲಿಯಿರಿ. ತೊಗಟೆಯ ಸಂದಿಯಲ್ಲಿ ಹಗಲೆಲ್ಲ ಉಣ್ಣಿ ಅಡಗಿ, ರಾತ್ರಿ ಇಳಿದು ರಕ್ತ ಹೀರುತ್ತವೆ. ಕೋಳಿ ಸೊರಗಿದೆ, ಕಾರಣ ತಿಳಿಯದು ಅನ್ನುವವರು ರಾತ್ರಿ ಬ್ಯಾಟರಿ ಬಿಟ್ಟು ಗಳದ ಕೆಳಬದಿ ನೋಡಿರಿ. ಗೋಡೆಯ ಸಂದಿಗೆಲ್ಲ ವರ್ಷಕ್ಕೆರಡು ಸಲ ಸುಣ್ಣ ಬಳಿಯಿರಿ. ಬೂದಿ, ಮರಳು, ಸಣ್ಣ ಮಣ್ಣು ಕಲಸಿದ ಒಂದು ಕುಣಿ ಮಾಡಿಟ್ಟರೆ ಅದರಲ್ಲಿ ಹೊರಳಾಡಿ ಹೇನನ್ನು ತಾವೇ ಕಳೆದುಕೊಳ್ಳುತ್ತವೆ.

ತತ್ತಿ ಇಡುವ ಗೂಡಿಗೆ ದ್ರಾಕ್ಷಿ ತುಂಬುವ ಹಳೆಯ ಕ್ರೇಟು ಸಾಕು, ನಾಲ್ಕು ಕೋಳಿಗೆ ಒಂದು. ಅದು ಗಳಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ರಾತ್ರಿ ಅದರಲ್ಲೇ ಮಲಗಿ, ಹೇತು, ಬೆಳಿಗ್ಗೆ ತತ್ತಿಯೆಲ್ಲ ಹೊಲಸು. ನೆಲಕ್ಕೆ ಮೂರು ಇಂಚು ಶೇಂಗಾ ಸಿಪ್ಪೆ ಹರಡಿ, ಎರಡು ದಿನಕ್ಕೊಮ್ಮೆ ಕೋಲಿನಿಂದ ಮಗುಚಿರಿ. ಮೂಗಿಗೆ ಘಾಟು ಹೊಡೆಯಿತೆಂದರೆ ಎಲ್ಲೋ ನೀರು ಸೋರಿದೆ ಅಂತಲೇ. ಹಸಿ ಸಿಪ್ಪೆಯಿಂದಲೇ ಮರಿಗಳಿಗೆ ರಕ್ತಭೇದಿ ಹತ್ತುವುದು.

ಇನ್ನು ತಳಿ. ಜವಾರಿ ಕೋಳಿ ವರ್ಷಕ್ಕೆ 50-60 ತತ್ತಿ ಇಡುತ್ತದೆ, ಹನ್ನೆರಡು ಹದಿನೈದು ಇಟ್ಟ ಮೇಲೆ ಕಾವಿಗೆ ಕೂತುಬಿಡುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತಯಾರಾದ ಗಿರಿರಾಜ 140ರ ಆಸುಪಾಸು, ಆಮೇಲೆ ಬಂದ ಸ್ವರ್ಣಧಾರಾ 180ರವರೆಗೂ ಇಡುತ್ತದೆ. ಆದರೆ ಇವಕ್ಕೆ ಕಾವಿಗೆ ಕೂಡುವ ಬುದ್ಧಿ ಕಡಿಮೆ, ಮೈಭಾರದಿಂದ ಹದ್ದು ಕಂಡರೆ ಜವಾರಿಯಷ್ಟು ಚುರುಕಾಗಿ ಓಡಲಾರವು. ಐದು ಸ್ವರ್ಣಧಾರಾ, ಮೂರು ಜವಾರಿ, ಇದು ನನ್ನ ಲೆಕ್ಕ. ತತ್ತಿ ಅವು ಕೊಡಲಿ, ಮರಿ ಮಾಡುವ ಸಂಸಾರ ಇವು ನೋಡಿಕೊಳ್ಳಲಿ. ಕಾವಿಗೆ 21 ದಿನ, ಒಂದು ಹ್ಯಾಟಿಯ (ಹೆಣ್ಣು ಕೋಳಿಯ) ಹೊಟ್ಟೆಯಡಿ ಹತ್ತು-ಹನ್ನೆರಡು ತತ್ತಿ, ಏಳನೆಯ ರಾತ್ರಿ ಬ್ಯಾಟರಿ ಬೆಳಕಿಗೆ ಹಿಡಿದು ನೋಡಿ ನರ ಕಾಣದವನ್ನು ತೆಗೆದುಬಿಡುವುದು. ಬ್ಯಾಸಗಿಯಲ್ಲಿ ಮರಿ ಮಾಡಿಸುವ ಗೋಜಿಗೆ ಹೋಗಬೇಡಿರಿ.

ತತ್ತಿಗಾಗಿ ಮಾತ್ರ ಸಾಕುವವರಿಗೆ ಹುಂಜ ಬೇಕಾಗಿಲ್ಲ. ಇದನ್ನು ಹೇಳಿದರೆ ಈಗಲೂ ನಂಬದವರಿದ್ದಾರೆ. ಹ್ಯಾಟಿ ತನ್ನ ಪಾಡಿಗೆ ತಾನು ತತ್ತಿ ಇಡುತ್ತದೆ, ಅದರಲ್ಲಿ ಮರಿಯಾಗುವುದಿಲ್ಲ ಅಷ್ಟೇ. ನಮ್ಮ ಬಿಸಿಲಿಗೆ ಅದೇ ಒಳ್ಳೆಯದು, ಹುಂಜ ಕೂಡಿದ ಹ್ಯಾಟಿಯ ತತ್ತಿಯೊಳಗೆ ಬೆಚ್ಚನೆಯ ಕೋಣೆಯಲ್ಲೇ ಮರಿ ಬೆಳೆಯಲು ಶುರುವಾಗಿ ಬೇಗ ಕೆಡುತ್ತದೆ. ತನ್ನ ಹುಂಜ ಕೂಗಿದರೇ ಊರಿಗೆ ಬೆಳಗಾಗುವುದು ಅಂದುಕೊಂಡ ಮುದುಕಿಯ ಕಥೆ ಗೊತ್ತಲ್ಲ, ನಮ್ಮ ಓಣಿಯಲ್ಲಿ ಹುಂಜ ಇಲ್ಲದೆಯೇ ನಾಲ್ಕು ವರ್ಷದಿಂದ ಬೆಳಗಾಗುತ್ತಿದೆ. ಮುಂಜಾನೆ ನಾಲ್ಕಕ್ಕೆ ಎಚ್ಚರವಾಗುತ್ತಿದ್ದ ಎದುರುಮನೆಯ ಮಾಸ್ತರರೂ ಈಗ ಮಾತಾಡಿಸುತ್ತಾರೆ. ಮರಿ ಮಾಡಿಸುವಾಗ ಹುಂಜ ಇದ್ದ ಮನೆಯಿಂದ ತತ್ತಿ ತಂದರಾಯಿತು.

ಬರೀ ಜೋಳ ಹಾಕಿ ತತ್ತಿ ಕೇಳಬೇಡಿರಿ. ಹತ್ತು ಕಿಲೋ ಮೇವಿಗೆ ಐದು ಕಿಲೋ ಒಡೆದ ಜೋಳ ಅಥವಾ ಗೋವಿನಜೋಳ, ಎರಡು ಕಿಲೋ ಶೇಂಗಾ ಹಿಂಡಿ, ಎರಡು ಕಿಲೋ ಗೋಧಿ ಬೂಸಾ, ಉಳಿದ ಒಂದು ಕಿಲೋ ಸುಣ್ಣದ ಕಲ್ಲಿನ ನುಚ್ಚು ಮತ್ತು ಖನಿಜ ಮಿಶ್ರಣ. ಗೂಡಿನಲ್ಲೇ ಇರುವ ಕೋಳಿ ದಿನಕ್ಕೆ ನೂರು ಗ್ರಾಂ ಮೇಲೆ ತಿನ್ನುತ್ತದೆ, ಹಿತ್ತಲು ಕೆದರುವ ಜವಾರಿಗೆ ಅದರ ಅರ್ಧ ಸಾಕು. ಹಿಂಡಿಗೆ ಬೂಸುರು ಬಂದಿದ್ದರೆ ಒಂದು ಚೂರೂ ಹಾಕಬೇಡಿರಿ, ಅದು ಕೋಳಿಯ ಪಿತ್ತಜನಕಾಂಗ (ಲಿವರ್) ತಿಂದುಬಿಡುವ ನಂಜು. ಉಪ್ಪಿನಕಾಯಿ, ಉಪ್ಪು ಹೆಚ್ಚಾದ ಪಲ್ಯವೂ ಬೇಡ. ಕುದುರೆಮಸಾಲೆ, ನುಗ್ಗೆ ಸೊಪ್ಪು ಕಟ್ಟಿ ತೂಗುಹಾಕಿದರೆ ತತ್ತಿಯೊಳಗಿನ ಹಳದಿಗೆ ಭಂಡಾರದಂಥ ಬಣ್ಣ ಬರುತ್ತದೆ. ತತ್ತಿಯ ಚಿಪ್ಪನ್ನು ಒಣಗಿಸಿ ಕುಟ್ಟಿ ಹಾಕಿರಿ, ಇಡಿಯಾಗಿ ಎಸೆದರೆ ತಮ್ಮ ತತ್ತಿಯನ್ನೇ ಒಡೆದು ತಿನ್ನುವ ಚಟ ಹತ್ತುತ್ತದೆ. ಡಿಸೆಂಬರಿನಲ್ಲಿ ಹಗಲು ಕಿರಿದಾಗಿ ತತ್ತಿ ಇಳಿಯುತ್ತವೆ. ಬಲ್ಬು ಹಚ್ಚಿ 14 ತಾಸು ಬೆಳಕು ಕೊಟ್ಟರೆ ಮತ್ತೆ ಏರುತ್ತವೆ ನಿಜ. ನಾನು ಹಚ್ಚುವುದಿಲ್ಲ. ಅವಕ್ಕೂ ಒಂದೆರಡು ತಿಂಗಳು ಮೈ ಆರಲಿ.

ಕೊಕ್ಕರೆ ರೋಗಕ್ಕೆ (ರಾಣಿಖೇತ್) ಔಷಧಿಯಿಲ್ಲ, ಲಸಿಕೆಯೊಂದೇ. ಹಸಿರು ನೀರಿನಂತೆ ಹೇಲುತ್ತ, ಕುತ್ತಿಗೆ ತಿರುಚಿ ನಿಂತ ಕೋಳಿಗೆ ಬೆಳ್ಳುಳ್ಳಿ ಅರೆದು ಹಾಕಿ ಕೂತರೆ ಗೂಡೇ ಖಾಲಿಯಾಗುತ್ತದೆ. ಮರಿಗೆ ಏಳು ದಿನದೊಳಗೆ ಲಸೋಟಾ ಅನ್ನುವ ಲಸಿಕೆ ಕಣ್ಣಿಗೆ ಒಂದು ಹನಿ, ನಾಲ್ಕನೆಯ ವಾರಕ್ಕೆ ಇನ್ನೊಮ್ಮೆ, ಎಂಟನೆಯ ವಾರಕ್ಕೆ ಅದೇ ರೋಗದ ಆರ್‌ಟುಬಿ ಚುಚ್ಚುಮದ್ದು. ಲಸಿಕೆಯ ಸೀಸೆ ನೂರು ಕೋಳಿಗಾಗುವಷ್ಟು ಬರುತ್ತದೆ, ತೆರೆದ ಮೇಲೆ ಎರಡು ತಾಸೂ ಇಡುವಂತಿಲ್ಲ. ಓಣಿಯ ಕೋಳಿ ಸಾಕುವವರೆಲ್ಲ ಒಂದೇ ದಿನ ಗೊತ್ತುಮಾಡಿಕೊಂಡು, ಪಶು ಆಸ್ಪತ್ರೆಯಿಂದ ಬರ್ಫ ಹಾಕಿದ ಥರ್ಮಾಸಿನಲ್ಲಿ ತರಿಸಿರಿ. ಹೊಸದಾಗಿ ತಂದ ಕೋಳಿಯನ್ನು ಮೂರು ವಾರ ಬೇರೆಯೇ ಕಟ್ಟಿರಿ. ಒಮ್ಮೆಲೆ ನಾಲ್ಕಾರು ಸತ್ತರೆ ಗಟಾರಕ್ಕೆ ಎಸೆಯದೆ ಪಶು ಡಾಕ್ಟರರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾಗಿ ಕುಣಿ ತೋಡಿ ಸುಣ್ಣ ಹಾಕಿ ಹುಗಿಯಿರಿ.

ತತ್ತಿಯನ್ನು ತಂದಕೂಡಲೇ ತೊಳೆದಿಡುವ ಅಭ್ಯಾಸ ಸೊಸೆಗೆ ಇತ್ತು. ಚಿಪ್ಪಿನ ಮೇಲಿನ ಸಹಜವಾದ ಪೊರೆ ತೊಳೆದುಹೋದರೆ ತತ್ತಿ ಬೇಗ ಕೆಡುತ್ತದೆ. ಒಣ ಅರಿವೆಯಿಂದ ಒರೆಸಿಟ್ಟು, ಕುದಿಸುವ ಮುಂದೆ ತೊಳೆದರೆ ಸಾಕು. ಎಷ್ಟು ದಿನದ್ದು ಅನ್ನುವ ಅನುಮಾನ ಬಂದರೆ ತಂಬಿಗೆ ನೀರಿಗೆ ಬಿಡಿರಿ. ತಳದಲ್ಲಿ ಅಡ್ಡ ಮಲಗಿದರೆ ಹೊಸದು, ನೆಟ್ಟಗೆ ನಿಂತರೆ ಹಳತು, ತೇಲಿದರೆ ತಿಪ್ಪೆಗೆ. ಈಗ ಗೂಡಿನಲ್ಲಿ ಒಂಬತ್ತು ಕೋಳಿ ಇವೆ. ದೀಪ ಹಚ್ಚುವ ಹೊತ್ತಿಗೆ ಮೊಮ್ಮಗ ಹೋಗಿ ಎಣಿಸಿ, ಮೇಲೊಂದು ಕೆಳಗೊಂದು ಚಿಲಕ ಹಾಕಿ ಬರುತ್ತಾನೆ. ಮೊನ್ನೆ ಎಂಟೇ ಇವೆ ಅಂತ ಓಡಿ ಬಂದ. ಒಂಬತ್ತನೆಯದು ಬೇವಿನ ಟೊಂಗೆಯ ಮೇಲೆ ಕೂತಿತ್ತು. ಏಣಿ ಹಾಕಿ ಇಳಿಸಿದವಳು ನಮ್ಮ ಸೊಸೆಯೇ.