ಹಿಪ್ ರೀಸರ್ಫೇಸಿಂಗ್ ಆದ ಮೇಲೆ ಕಾಲಿಗೆ ಬಲ ತರುವುದು ಹೇಗೆ

ಹಿಪ್ ರೀಸರ್ಫೇಸಿಂಗ್ ಅಂದರೆ ಸವೆದ ಸೊಂಟದ ಕೀಲಿಗೆ ಲೋಹದ ಹೊದಿಕೆ ಹಾಕುವ ಆಪರೇಷನ್. ಅದು ಆಗಿ ಕೆಲವೇ ವಾರಕ್ಕೆ ಹಳೇ ಕೀಲುನೋವು ಬಹುಪಾಲು ಹೋಗಿರುತ್ತದೆ. ರಾತ್ರಿ ನಿದ್ದೆ ಬರುತ್ತದೆ. ಹೆಚ್ಚಿನವರು ಅವಸರಕ್ಕೆ ಬೀಳುವುದು ಇದೇ ಹೊತ್ತಿನಲ್ಲಿ. ನೋವು ಹೋಗುವುದು ಬೇಗ, ಸ್ನಾಯುವಿಗೆ ಬಲ ಬರಲು ತಿಂಗಳುಗಳು ಬೇಕು, ಮೂಳೆ ಹೊಂದಿಕೊಳ್ಳಲು ಇನ್ನೂ ಜಾಸ್ತಿ ಸಮಯ ಬೇಕು. ಈ ಮೂರನ್ನೂ ಒಂದೇ ಅಂದುಕೊಳ್ಳಬೇಡಿ.

ಯಾಕೆ ಅಂತ ಹೇಳುತ್ತೇನೆ. ಪೂರ್ತಿ ಕೀಲು ಬದಲಿಸುವಾಗ ತೊಡೆಮೂಳೆಯ ತಲೆಯನ್ನು, ಅಂದರೆ ಮೇಲ್ತುದಿಯ ಗುಂಡನ್ನು, ಅದರ ಕೆಳಗಿನ ಕತ್ತಿನ ಹತ್ತಿರ ಕತ್ತರಿಸಿ ತೆಗೆಯುತ್ತಾರೆ. ರೀಸರ್ಫೇಸಿಂಗ್‌ನಲ್ಲಿ ಹಾಗಲ್ಲ, ತಲೆಯನ್ನು ಕೆತ್ತಿ ಸರಿಮಾಡಿ ಅದರ ಮೇಲೆ ಕೋಬಾಲ್ಟ್-ಕ್ರೋಮಿಯಂ ಲೋಹದ ಟೋಪಿ ಕೂರಿಸುತ್ತಾರೆ. ಕತ್ತು ನಿಮ್ಮದೇ ಮೂಳೆ. ಅದು ಹೊಸ ಭಾರಕ್ಕೆ ಒಗ್ಗಿಕೊಳ್ಳುವ ಮೊದಲ ಕೆಲವು ತಿಂಗಳಲ್ಲೇ ಮುರಿಯುವ ಅಪಾಯ ಜಾಸ್ತಿ. ಅದಕ್ಕೇ ಸಾಮಾನ್ಯವಾಗಿ ಆರು ತಿಂಗಳು ಓಡಬೇಡಿ, ಜಿಗಿಯಬೇಡಿ, ಭಾರ ಎತ್ತಬೇಡಿ ಅಂತಾರೆ. ಕೆಲವು ಸರ್ಜನ್‌ಗಳು ಓಟಕ್ಕೆ ಒಂದು ವರ್ಷ ಕಾಯಿಸುತ್ತಾರೆ. ಮೂಳೆ ಸವಕಲಾಗಿದ್ದರೆ, ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ, ಎವಿಎನ್ (ರಕ್ತ ಸಿಗದೆ ಮೂಳೆ ಸಾಯುವ ತೊಂದರೆ) ಆಗಿ ಈ ಆಪರೇಷನ್ ಮಾಡಿಸಿದ್ದರೆ ನಿಮ್ಮ ಲೆಕ್ಕ ಇನ್ನೂ ನಿಧಾನ ಇರಬಹುದು, ಸರ್ಜನ್ ಹತ್ತಿರ ಬಾಯಿಬಿಟ್ಟು ಕೇಳಿ.

ಟೆನಿಸ್ ಆಟಗಾರ ಆಂಡಿ ಮರ್ರೆ 2019ರ ಜನವರಿಯಲ್ಲಿ ಈ ಆಪರೇಷನ್ ಮಾಡಿಸಿಕೊಂಡು, ಜೂನ್‌ನಲ್ಲಿ ಕ್ವೀನ್ಸ್ ಕ್ಲಬ್‌ನಲ್ಲಿ ಡಬಲ್ಸ್ ಗೆದ್ದರು, ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್‌ನಲ್ಲಿ ಸಿಂಗಲ್ಸ್ ಕೂಡ ಗೆದ್ದರು. ಓದಿದರೆ ಧೈರ್ಯ ಬರುತ್ತದೆ, ಬರಲಿ. ಆದರೆ ಜೀವನಪೂರ್ತಿ ಪಳಗಿದ ದೇಹ ಅವರದ್ದು, ಜೊತೆಗೆ ಫಿಸಿಯೋಗಳು. ಅವರ ಕ್ಯಾಲೆಂಡರ್ ನಮಗೆ ಬೇಡ.

ಮೊದಲ ಎರಡು ವಾರ ಕೆಲಸ ಸಣ್ಣದು, ಆದರೆ ಬಿಡುವಂತಿಲ್ಲ. ಎಚ್ಚರ ಇರುವಾಗೆಲ್ಲ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯಲು ಇದು ಸಹಾಯ ಮಾಡುತ್ತದೆ. ತೊಡೆ ಬಿಗಿ ಹಿಡಿದು ಐದು ಎಣಿಸಿ ಬಿಡಿ. ಕುಂಡಿಯ ಸ್ನಾಯುವನ್ನೂ ಹಾಗೇ ಮಾಡಿ. ಮಲಗಿ ಹಿಮ್ಮಡಿಯನ್ನು ಹಾಸಿಗೆ ಮೇಲೆ ನಿಧಾನ ಹಿಂದಕ್ಕೆ ಎಳೆದುಕೊಳ್ಳಿ. ಮೊಣಕಾಲು ಮಡಿಸದೆ ಕಾಲನ್ನು ನೇರ ಮೇಲೆತ್ತುವ ವ್ಯಾಯಾಮವನ್ನು ಈಗಲೇ ಶುರು ಮಾಡಬೇಡಿ, ತೊಡೆಸಂದಿನ ಸ್ನಾಯು ಕೆರಳಿ ವಾರಗಟ್ಟಲೆ ಕಾಡಬಹುದು. ಐಸ್ ಇಡುವುದಾದರೆ ಬಟ್ಟೆ ಸುತ್ತಿ 15-20 ನಿಮಿಷ ಸಾಕು.

ಆಮೇಲೆ ನಡಿಗೆ. ಇಲ್ಲಿ ನನ್ನದು ಒಂದೇ ಹಟ: ದೂರ ಲೆಕ್ಕ ಹಾಕಬೇಡಿ, ಕುಂಟು ಲೆಕ್ಕ ಹಾಕಿ. ವರ್ಷಗಟ್ಟಲೆ ನೋವಿನಲ್ಲಿ ಕುಂಟಿದ ದೇಹಕ್ಕೆ ಅದೇ ಅಭ್ಯಾಸವಾಗಿರುತ್ತದೆ, ಕೀಲು ಸರಿಹೋದರೂ ಅದು ತಾನಾಗಿ ಬಿಡುವುದಿಲ್ಲ. ಕುಂಟುತ್ತಾ ಎರಡು ಕಿಲೋಮೀಟರ್ ನಡೆದರೆ ಆ ಅಭ್ಯಾಸವೇ ಇನ್ನಷ್ಟು ಗಟ್ಟಿಯಾಗುತ್ತದೆ. ಊರುಗೋಲು ಬಿಡುವ ಅವಸರವೂ ಬೇಡ. ಒಂದೇ ಕೋಲಿಗೆ ಇಳಿದಾಗ ಅದು ಆಪರೇಷನ್ ಆದ ಕಾಲಿನ ಎದುರು ಕೈಯಲ್ಲಿರಬೇಕು, ತುಂಬಾ ಜನ ಇದನ್ನು ಉಲ್ಟಾ ಹಿಡಿಯುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮನೆಯವರ ಹತ್ತಿರ ಹಿಂದಿನಿಂದ ನಡಿಗೆಯ ವಿಡಿಯೋ ಮಾಡಿಸಿ. ಸೊಂಟ ಒಂದು ಕಡೆ ಕುಸಿಯುತ್ತಿದ್ದರೆ, ಇಲ್ಲವೇ ಮೈ ಪಕ್ಕಕ್ಕೆ ವಾಲುತ್ತಿದ್ದರೆ, ಕೋಲು ಇನ್ನೂ ಬೇಕು.

ಹಾಗೆ ವಾಲಲು ಕಾರಣ ಹೆಚ್ಚಾಗಿ ಸೊಂಟದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಸ್ನಾಯು. ಒಂಟಿ ಕಾಲಲ್ಲಿ ನಿಂತಾಗ ಸೊಂಟವನ್ನು ಸಮವಾಗಿ ಹಿಡಿದಿಡುವುದು ಇದು, ಮತ್ತು ಪ್ರತಿ ಹೆಜ್ಜೆಯಲ್ಲೂ ನಾವು ಒಂದು ಕ್ಷಣ ಒಂಟಿ ಕಾಲಲ್ಲೇ ಇರುತ್ತೇವೆ ಅಲ್ವಾ. ಅಡುಗೆಮನೆ ಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ, ಆಮೇಲೆ ಹಿಂದಕ್ಕೆ ಎತ್ತಿ. ಮೈ ನೆಟ್ಟಗಿರಲಿ, ಕಾಲು ಒಂದು ಗೇಣು ಎತ್ತಿದರೆ ಸಾಕು. ಬೆನ್ನ ಮೇಲೆ ಮಲಗಿ ಮೊಣಕಾಲು ಮಡಿಸಿ ಸೊಂಟ ಎತ್ತುವುದು ಮುಂದಿನದು. ಆರು ವಾರದ ಚೆಕಪ್ ಆಗಿ ಸರ್ಜನ್ ಒಪ್ಪಿದ ಮೇಲೆ ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಗಿಡ್ಡ ಮೆಟ್ಟಿಲು ಹತ್ತಿ ಇಳಿಯುವುದು, ಸೀಟು ಎತ್ತರಿಸಿದ ಎಕ್ಸರ್‌ಸೈಜ್ ಸೈಕಲ್, ಗಾಯ ಪೂರ್ತಿ ಮಾಗಿದ್ದರೆ ಸೊಂಟದ ಮಟ್ಟದ ನೀರಲ್ಲಿ ನಡಿಗೆ. ಕೊನೆಗೆ ಒಂಟಿ ಕಾಲಲ್ಲಿ ಸೊಂಟ ವಾಲದೆ 30 ಸೆಕೆಂಡ್ ನಿಲ್ಲುವ ಗುರಿ ಇಟ್ಟುಕೊಳ್ಳಿ. ವ್ಯಾಯಾಮದ ನೋವು ಮರುದಿನ ಬೆಳಗ್ಗೆಗೂ ಹಾಗೇ ಇದ್ದರೆ ಜಾಸ್ತಿಯಾಗಿದೆ ಅಂತ ಅರ್ಥ, ಅರ್ಧಕ್ಕೆ ಇಳಿಸಿ.

ಈಗ ನಮ್ಮವರು ಎಲ್ಲರೂ ಕೇಳುವ ಪ್ರಶ್ನೆ: ನೆಲದ ಮೇಲೆ ಕೂರಬಹುದಾ? ಮೊದಲ ಆರು ವಾರ ಬೇಡ. ಕುರ್ಚಿ ಎತ್ತರದ್ದಿರಲಿ, ಕಮೋಡ್ ಎತ್ತರಿಸಿ, ಬಗ್ಗಿ ಚಪ್ಪಲಿ ಹಾಕಬೇಡಿ, ಮಲಗುವಾಗ ಮೊಣಕಾಲುಗಳ ನಡುವೆ ದಿಂಬು ಇರಲಿ. ಹಿಂದಿನ ಕಡೆಯಿಂದ ಕೊಯ್ದು ಮಾಡಿದ ಆಪರೇಷನ್ ಆದರೆ ಕೀಲಿಗೆ ಆಗದ ಭಂಗಿ ಯಾವುದೆಂದರೆ, ತೊಡೆ ತುಂಬಾ ಮಡಿಸಿ ಮೊಣಕಾಲನ್ನು ಒಳಕ್ಕೆ ತಿರುಗಿಸುವುದು. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಾಗ ಆಗುವುದು ಹೆಚ್ಚುಕಮ್ಮಿ ಇದೇ. ಚಕ್ಕಳಮಕ್ಕಳ ಹಾಕಿದಾಗ ಮೊಣಕಾಲು ಹೊರಕ್ಕೆ ಹೋಗುತ್ತದೆ, ಅದು ಅಷ್ಟು ಕೆಟ್ಟದ್ದಲ್ಲ. ಹಾಗಾಗಿ ಕೆಲವು ತಿಂಗಳಾದ ಮೇಲೆ ಅದಕ್ಕೆ ಅನುಮತಿ ಸಿಗುವುದುಂಟು. ಶುರುವಿಗೆ ದಪ್ಪ ದಿಂಬಿನ ಮೇಲೆ ಕೂತು ಅಭ್ಯಾಸ ಮಾಡಿ, ಮೊಣಕಾಲನ್ನು ಕೈಯಿಂದ ಒತ್ತಬೇಡಿ. ಕುಕ್ಕರುಗಾಲಲ್ಲಿ ಕೂರುವುದು ಮಾತ್ರ ಬೇರೆ ವಿಷಯ. ರೀಸರ್ಫೇಸಿಂಗ್‌ನಲ್ಲಿ ಕತ್ತಿನ ಮೂಳೆ ದಪ್ಪವಾಗಿಯೇ ಉಳಿಯುವುದರಿಂದ ತೀರಾ ಮಡಿಸಿದಾಗ ಅದು ತೊಡೆಮೂಳೆಯ ತಲೆ ಕೂರುವ ಲೋಹದ ಬಟ್ಟಲಿನ ಅಂಚಿಗೆ ತಾಗಬಹುದು. ನನ್ನ ಮಾತು ಕೇಳುವುದಾದರೆ, ದಿನಾ ಬಳಸಲು ವೆಸ್ಟರ್ನ್ ಟಾಯ್ಲೆಟ್‌ಗೆ ಶಾಶ್ವತವಾಗಿ ಬದಲಾಗಿ.

ಹೆಜ್ಜೆ ಊರಿದಾಗ ತೊಡೆಸಂದಿನಲ್ಲಿ ಹೊಸದಾಗಿ, ದಿಢೀರ್ ನೋವು ಬಂದರೆ ಸುಮ್ನೆ ಸಹಿಸಬೇಡಿ. ಕಾಲ ಮೇಲೆ ಭಾರ ಹಾಕುವುದನ್ನು ನಿಲ್ಲಿಸಿ ಅವತ್ತೇ ಎಕ್ಸ್‌ರೇ ಮಾಡಿಸಿ. ಮೀನಖಂಡ ಊದಿ ನೋಯುವುದು, ಜ್ವರ, ಗಾಯದಿಂದ ಕೀವು, ಇವಕ್ಕೂ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರ ಎಮರ್ಜೆನ್ಸಿಗೆ.

ಡಿಸ್ಚಾರ್ಜ್ ಪತ್ರದ ಜೊತೆ ಇಂಪ್ಲಾಂಟ್‌ನ ಹೆಸರು, ಅಳತೆ ಇರುವ ಸ್ಟಿಕ್ಕರ್ ಇರುತ್ತದೆ, ಫೋಟೋ ತೆಗೆದು ಇಟ್ಟುಕೊಳ್ಳಿ. ಎಎಸ್‌ಆರ್ ಅನ್ನುವ ಮಾದರಿಯನ್ನು 2010ರಲ್ಲಿ ಪ್ರಪಂಚದಾದ್ಯಂತ ವಾಪಸ್ ಕರೆಸಿಕೊಂಡಾಗ, ತನ್ನ ಕೀಲಿನಲ್ಲಿರುವುದು ಅದೇನಾ ಅಂತ ಪ್ರತಿಯೊಬ್ಬ ರೋಗಿಯೂ ತಿಳಿದುಕೊಳ್ಳಬೇಕಾಗಿತ್ತು. ಲೋಹ ಲೋಹಕ್ಕೆ ಉಜ್ಜುವ ಕೀಲು ಇದು, ಹಾಗಾಗಿ ಸರ್ಜನ್ ಹೇಳಿದ ಗಡುವಿಗೆ ಎಕ್ಸ್‌ರೇ ಮಾಡಿಸಿ, ರಕ್ತದಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ, ಕಾಲು ಎಷ್ಟೇ ಚೆನ್ನಾಗಿದ್ದರೂ.