‘ಅಮಾನ್ಯೀಕರಣ’ವನ್ನು ಸರಿಯಾಗಿ ಬಳಸುವುದು ಹೇಗೆ?

ಬೆಂಗಳೂರಿನಲ್ಲಿ ಕರಡು ತಿದ್ದುತ್ತ ಕಳೆದ ವರ್ಷಗಳಲ್ಲಿ ನನ್ನ ಕೆಂಪು ಶಾಯಿಯನ್ನು ಹೆಚ್ಚು ಬೇಡಿದ ಪದಗಳಲ್ಲಿ ‘ಅಮಾನ್ಯೀಕರಣ’ವೂ ಒಂದು.

ಮೊದಲು ಕಾಗುಣಿತ. ‘ಅಮಾನ್ಯಕರಣ’ ಎಂದು ಬರೆಯಬೇಡಿ, ‘ನ್ಯೀ’ ದೀರ್ಘವಾಗಿಯೇ ಇರಬೇಕು.

ಬಳಿಕ ಅರ್ಥ. ಒಂದು ನೋಟಿಗೋ ನಾಣ್ಯಕ್ಕೋ ಕಾನೂನು ಕೊಟ್ಟಿರುವ ಮಾನ್ಯತೆಯನ್ನು, ಅಂದರೆ ಅದರಿಂದ ಸಾಲ ತೀರಿಸಬಹುದು ಎಂಬ ಬಲವನ್ನು, ಸರ್ಕಾರ ಹಿಂದಕ್ಕೆ ತೆಗೆದುಕೊಳ್ಳುವುದೇ ಅಮಾನ್ಯೀಕರಣ, ಇಂಗ್ಲಿಷಿನ ‘ಡಿಮಾನಿಟೈಸೇಶನ್’.

ಮೂರನೆಯ ಹಂತದಲ್ಲಿ ಬಹುಮಂದಿ ಎಡವುತ್ತಾರೆ. ಬರೆಯುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮಾನ್ಯತೆ ಹೋಯಿತೋ, ನೋಟು ಚಲಾವಣೆಯಿಂದ ಮರಳಿತೋ? 2016ರ ನವೆಂಬರ್ 8ರ ರಾತ್ರಿ ಪ್ರಕಟಿಸಿ, ಆ ಮಧ್ಯರಾತ್ರಿಯಿಂದಲೇ 500 ಮತ್ತು 1000 ರೂಪಾಯಿಯ ಅಂದಿನ ನೋಟುಗಳ ಮಾನ್ಯತೆಯನ್ನು ಕಳೆದದ್ದು ಅಮಾನ್ಯೀಕರಣ. 1978ರ ಜನವರಿಯಲ್ಲಿ 1000, 5000 ಹಾಗೂ 10,000 ರೂಪಾಯಿಯ ನೋಟುಗಳಿಗೆ ಆದದ್ದೂ ಅದೇ. 2011ರ ಜೂನ್ 30ರಿಂದ ನಾಲ್ಕಾಣೆ ನಾಣ್ಯಕ್ಕೂ ಅದೇ ಗತಿ ಬಂತು. ಆದರೆ 2023ರ ಮೇ 19ರಂದು ರಿಸರ್ವ್ ಬ್ಯಾಂಕು 2000 ರೂಪಾಯಿಯ ನೋಟನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ಹೇಳಿತೇ ಹೊರತು ಅದರ ಮಾನ್ಯತೆಯನ್ನು ಕಳೆಯಲಿಲ್ಲ. ಬ್ಯಾಂಕ್ ಶಾಖೆಗಳಲ್ಲಿ ವಿನಿಮಯದ ಗಡುವು ಅದೇ ಅಕ್ಟೋಬರ್ 7ಕ್ಕೆ ಮುಗಿದ ಮೇಲೂ ನಮ್ಮ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಯ ಮುಂದೆ ಜನ ಸಾಲುಗಟ್ಟಿದ್ದು ಆ ನೋಟಿಗೆ ಬೆಲೆ ಉಳಿದಿದ್ದರಿಂದಲೇ. ಅಂಗಡಿಯವರು ಬೇಡವೆಂದ ಮಾತ್ರಕ್ಕೆ ನೋಟು ಅಮಾನ್ಯವಾಗುವುದಿಲ್ಲ. ಇಲ್ಲಿ ‘ಹಿಂಪಡೆತ’ ಎಂದೇ ಬರೆಯಿರಿ.

‘ಅಪಮೌಲ್ಯ’ ಇನ್ನೊಂದು ಬಲೆ. 1966ರ ಜೂನ್‌ನಲ್ಲಿ ಡಾಲರಿನ ದರ 4.76 ರೂಪಾಯಿಯಿಂದ 7.50ಕ್ಕೆ ಏರಿದಾಗ ರೂಪಾಯಿ ಅಪಮೌಲ್ಯಗೊಂಡಿತು, ಆದರೆ ಜೇಬಿನಲ್ಲಿದ್ದ ಯಾವ ನೋಟೂ ರದ್ದಾಗಲಿಲ್ಲ. ಮೊಬೈಲಿನ ಅನುವಾದ ಆ್ಯಪ್‌ಗಳನ್ನು ಈ ವಿಷಯದಲ್ಲಿ ಕಣ್ಣುಮುಚ್ಚಿ ನಂಬಬೇಡಿ, ಅವು ಇವೆರಡನ್ನೂ ಬೆರೆಸಿ ಬಡಿಸಬಹುದು. ‘ಅಪನಗದೀಕರಣ’ವೂ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಹೋಗುವುದು ನಗದಲ್ಲ, ನಿರ್ದಿಷ್ಟ ನೋಟಿನ ಮಾನ್ಯತೆ. ‘ನೋಟು ನಿಷೇಧ’ವನ್ನೂ ಹೀಗೆಯೇ ಹೊಡೆದುಹಾಕುತ್ತಿದ್ದೆ. ಆದರೆ 2016ರಲ್ಲಿ ರದ್ದಾದ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯ ಪ್ರಕಾರ ದಂಡಾರ್ಹ (ಅಧ್ಯಯನ ಹಾಗೂ ಸಂಗ್ರಹದ ಉದ್ದೇಶಕ್ಕೆ ಇಪ್ಪತ್ತೈದರವರೆಗೆ ವಿನಾಯಿತಿ ಇದೆ) ಎಂದು ತಿಳಿದ ಮೇಲೆ ಆ ಪದದ ಮೇಲಿನ ಕೋಪ ಸ್ವಲ್ಪ ಇಳಿದಿದೆ. ಜಾಗ ಕಡಿಮೆಯಿರುವ ತಲೆಬರಹಕ್ಕೆ ‘ನೋಟು ರದ್ದತಿ’ ಸಾಕು.

ವಾಕ್ಯದೊಳಗೆ ‘ಅಮಾನ್ಯೀಕರಣ ಮಾಡಲಾಯಿತು’ ಎಂದು ಹೊರೆ ಹೇರದೆ ‘ಅಮಾನ್ಯಗೊಳಿಸಿತು’ ಎನ್ನಿ, ಜೊತೆಗೆ ಎಷ್ಟು ರೂಪಾಯಿಯ ನೋಟು ಎಂಬುದನ್ನು ಬಿಡಬೇಡಿ.

ಯೂಟ್ಯೂಬ್ ಮಂದಿಯ ‘ಡಿಮಾನಿಟೈಸ್’ ಬೇರೆಯೇ ಸಂಗತಿ. ‘ವಿಡಿಯೊ ಅಮಾನ್ಯಗೊಂಡಿದೆ’ ಎಂದರೆ ಅದನ್ನು ತೆಗೆದುಹಾಕಿದ್ದಾರೆಂದು ಓದುಗರು ತಿಳಿಯುತ್ತಾರೆ, ಆದ್ದರಿಂದ ‘ವಿಡಿಯೊಗೆ ಜಾಹೀರಾತಿನ ವರಮಾನ ನಿಂತಿದೆ’ ಎಂದು ಬಿಡಿಸಿ ಬರೆಯಿರಿ.