ರಾಗಿ ಉಂಡೆಯ ಪೊಟ್ಟಣದ ಮೇಲೆ ಏನು ಬರೆಯಬಹುದು?

ಕೆಲವು ದಿನಗಳ ಹಿಂದೆ ಸಿರಿಧಾನ್ಯ ಮೇಳವೊಂದರಲ್ಲಿ ಕೊಂಡ ರಾಗಿ ಉಂಡೆಯ ಪೊಟ್ಟಣವೊಂದು ಈಗ ನನ್ನ ಮೇಜಿನ ಮೇಲಿದೆ. ಮುಂಭಾಗದಲ್ಲಿ ಹಸಿರು ಎಲೆಯ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ಮೂರು ಸಾಲು: ‘ಸಕ್ಕರೆರಹಿತ’, ‘ಕ್ಯಾಲ್ಸಿಯಂ ಸಮೃದ್ಧ’, ‘ಮಧುಮೇಹಕ್ಕೆ ರಾಮಬಾಣ’. ಹಿಂದೆ ತಿರುಗಿಸಿ ನೋಡಿದರೆ ಪದಾರ್ಥಗಳ ಪಟ್ಟಿಯಲ್ಲಿ ರಾಗಿಯ ನಂತರದ ಹೆಸರೇ ಬೆಲ್ಲ. ಉಂಡೆ ನಿಜಕ್ಕೂ ರುಚಿಯಾಗಿತ್ತು, ಮಾಡಿದವರ ಶ್ರದ್ಧೆಯ ಬಗ್ಗೆಯೂ ನನಗೆ ಅನುಮಾನವಿಲ್ಲ. ಆದರೆ ಆ ಮೂರು ಸಾಲುಗಳಲ್ಲಿ ಎರಡು ಕಾನೂನಿನ ಮುಂದೆ ನಿಲ್ಲುವುದಿಲ್ಲ, ಉಳಿದ ‘ಕ್ಯಾಲ್ಸಿಯಂ ಸಮೃದ್ಧ’ ಎಂಬುದು ನಿಲ್ಲಬೇಕಾದರೆ ಪ್ರಯೋಗಾಲಯದ ವರದಿ ಬೇಕು. ಮನೆಯಲ್ಲೋ ಸ್ವಸಹಾಯ ಸಂಘದಲ್ಲೋ ತಿಂಡಿ ತಯಾರಿಸಿ ಮಾರುಕಟ್ಟೆಗೆ ಕಳಿಸುವವರು ಪೌಚ್ ಅಚ್ಚಿಗೆ ಕೊಡುವ ಮುನ್ನ ಮಾಡಿಕೊಳ್ಳಬೇಕಾದ ಕೆಲಸಗಳನ್ನು ಇಲ್ಲಿ ಒಂದೊಂದಾಗಿ ವಿವರಿಸಲಾಗಿದೆ.

ಮೊದಲು ನಿಯಮಗಳ ಪರಿಚಯ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿಯಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯನ್ನು ಹೊರಡಿಸಿತು. 2019ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಲೇಬಲ್ ಹೇಗಿರಬೇಕೆಂಬುದಕ್ಕೆ 2020ರ ಲೇಬಲಿಂಗ್ ನಿಯಮಾವಳಿ ಬೇರೆಯಾಗಿ ಇದೆ. ಎರಡೂ ಪ್ರಾಧಿಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ತಪ್ಪು ಲೇಬಲ್ ಹಚ್ಚಿದ ಆಹಾರಕ್ಕೆ 3 ಲಕ್ಷ ರೂಪಾಯಿವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ಮೊದಲ ಹೆಜ್ಜೆ: ಹೇಳಿಕೆಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ

ನಿಮ್ಮ ಪೊಟ್ಟಣ, ಕರಪತ್ರ, ಮಳಿಗೆಯ ಬ್ಯಾನರ್, ವಾಟ್ಸ್‌ಆ್ಯಪ್ ಸಂದೇಶ, ಆನ್‌ಲೈನ್ ಮಾರಾಟದ ಪುಟ, ಇವುಗಳಲ್ಲಿ ಆಹಾರದ ಗುಣವನ್ನು ಹೊಗಳುವ ಪ್ರತಿಯೊಂದು ಮಾತನ್ನೂ ಬರೆದುಕೊಳ್ಳಿ. ಚಿತ್ರಗಳನ್ನೂ ಬಿಡಬೇಡಿ; ಹೃದಯದ ಚಿತ್ರವೋ ಸ್ಟೆತೊಸ್ಕೋಪ್ ಹಾಕಿಕೊಂಡವರ ಚಿತ್ರವೋ ಮಾತಿನಷ್ಟೇ ಸ್ಪಷ್ಟವಾಗಿ ಹೇಳಿಕೆಯಾಗುತ್ತದೆ. ಲೇಬಲ್‌ನ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು, ಜೊತೆಗೆ ಕನ್ನಡದಲ್ಲೂ ಬರೆಯಬಹುದು. ಆದರೆ ಇಂಗ್ಲಿಷ್‌ನಲ್ಲಿ ಎಚ್ಚರದಿಂದ ಬರೆದು ಕನ್ನಡದಲ್ಲಿ ಧಾರಾಳವಾಗಿ ಬರೆಯುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಒಂದು ಭಾಷೆಯ ವಿವರ ಇನ್ನೊಂದಕ್ಕೆ ವಿರುದ್ಧವಾಗಿರಬಾರದೆಂದು ನಿಯಮವೇ ಹೇಳುತ್ತದೆ.

ಎರಡನೆಯ ಹೆಜ್ಜೆ: ರೋಗದ ಹೆಸರಿದ್ದರೆ ಹೊಡೆದುಹಾಕಿ

ಆಹಾರವು ರೋಗವನ್ನು ತಡೆಯುತ್ತದೆ, ಶಮನ ಮಾಡುತ್ತದೆ, ಗುಣಪಡಿಸುತ್ತದೆ ಎಂದು ಹೇಳುವುದಕ್ಕೆ ಅವಕಾಶವಿಲ್ಲ. ‘ರಾಮಬಾಣ’, ‘ಸಕ್ಕರೆ ಕಾಯಿಲೆಗೆ ಮದ್ದು’, ‘ಮಂಡಿನೋವಿಗೆ ಪರಿಹಾರ’ ಎಂಬ ಮಾತುಗಳೆಲ್ಲ ಇಲ್ಲಿಗೇ ಬಿದ್ದುಹೋಗುತ್ತವೆ. ‘ವೈದ್ಯರು ಶಿಫಾರಸು ಮಾಡಿದ್ದು’ ಎಂಬುದೂ ಅಷ್ಟೇ. ‘ಮಧುಮೇಹಿಗಳಿಗಾಗಿಯೇ’ ಎಂದು ಬರೆದೊಡನೆ ಉತ್ಪನ್ನವು ವಿಶೇಷ ಆಹಾರದ ವರ್ಗಕ್ಕೆ ಹೋಗುತ್ತದೆ, ಅದಕ್ಕೆ ಬೇರೆಯೇ ನಿಯಮಗಳಿವೆ. ಇದಲ್ಲದೆ ಕೆಲವು ರೋಗಗಳಿಗೆ ಮದ್ದೆಂದು ಜಾಹೀರಾತು ಮಾಡುವುದನ್ನು ನಿಷೇಧಿಸುವ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯ ರೋಗಪಟ್ಟಿಯಲ್ಲೂ ಮಧುಮೇಹ ಇದೆ. ‘ಹೆಲ್ತ್ ಡ್ರಿಂಕ್’ ಎಂಬ ಪದವನ್ನು ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಎಲ್ಲಿಯೂ ವ್ಯಾಖ್ಯಾನಿಸಿಲ್ಲವೆಂದು 2024ರ ಏಪ್ರಿಲ್‌ನಲ್ಲಿ ಪ್ರಾಧಿಕಾರ ಸ್ಪಷ್ಟಪಡಿಸಿದೆ. ರಾಗಿ ಮಾಲ್ಟ್ ಮಾರುವವರು ಆ ಪದವನ್ನು ಕೈಬಿಡುವುದು ಕ್ಷೇಮ.

ಈ ಹೆಜ್ಜೆಯಲ್ಲಿ ರಾಜಿ ಸಲ್ಲದು. ಪೊಟ್ಟಣವನ್ನು ನಂಬಿ ಮಾತ್ರೆಯನ್ನು ನಿಲ್ಲಿಸುವ ಹಿರಿಯರು ನಮ್ಮ ನಡುವೆ ಇದ್ದಾರೆ.

ಮೂರನೆಯ ಹೆಜ್ಜೆ: ಉಳಿದ ಪದಗಳಿಗೆ ಲೆಕ್ಕ ಹಾಕಿ

‘ಕಡಿಮೆ’, ‘ರಹಿತ’, ‘ಮೂಲ’, ‘ಸಮೃದ್ಧ’ ಎಂಬ ಪ್ರತಿ ಪದಕ್ಕೂ ನಿಯಮಾವಳಿಯ ಮೊದಲ ಅನುಸೂಚಿಯಲ್ಲಿ ಒಂದು ಅಂಕಿ ಇದೆ. ಗಟ್ಟಿ ಆಹಾರಕ್ಕೆ 100 ಗ್ರಾಂ, ದ್ರವಕ್ಕೆ 100 ಮಿಲಿಲೀಟರ್ ಲೆಕ್ಕ. ಒಂದು ಉದಾಹರಣೆ ತೆಗೆದುಕೊಳ್ಳೋಣ: 100 ಗ್ರಾಂ ಉಂಡೆಯಲ್ಲಿ 40 ಗ್ರಾಂ ರಾಗಿ ಹಿಟ್ಟು, 40 ಗ್ರಾಂ ಬೆಲ್ಲ, 15 ಗ್ರಾಂ ತುಪ್ಪ, 5 ಗ್ರಾಂ ಕೊಬ್ಬರಿ ಇವೆ ಎಂದಿಟ್ಟುಕೊಳ್ಳಿ.

ಕ್ಯಾಲ್ಸಿಯಂನಿಂದ ಆರಂಭಿಸೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ಖನಿಜದ ‘ಮೂಲ’ ಎನ್ನಲು ದಿನದ ಅಗತ್ಯದ ಶೇ 15, ಅಂದರೆ 150 ಮಿಲಿಗ್ರಾಂ ಇರಬೇಕು. ‘ಸಮೃದ್ಧ’ ಎನ್ನಲು ಅದರ ಎರಡರಷ್ಟು, 300 ಮಿಲಿಗ್ರಾಂ. ಬರೀ ರಾಗಿ ಹಿಟ್ಟು ಮಾರುವವರು ‘ಸಮೃದ್ಧ’ ಎಂದು ಧೈರ್ಯದಿಂದ ಬರೆಯಬಹುದು. ನಮ್ಮ ಉಂಡೆಯಲ್ಲಿ ರಾಗಿಯಿಂದ ಬರುವುದು ಸುಮಾರು 146 ಮಿಲಿಗ್ರಾಂ ಮಾತ್ರ. ಬೆಲ್ಲ, ಕೊಬ್ಬರಿಗಳ ಪಾಲು ಸೇರಿ ‘ಮೂಲ’ದ ಗೆರೆಯನ್ನು ದಾಟಬಹುದು; ‘ಸಮೃದ್ಧ’ದ ಹತ್ತಿರಕ್ಕೂ ಹೋಗುವುದಿಲ್ಲ. ಹಿಟ್ಟಿಗೆ ಸಲ್ಲುವ ಮಾತು ಉಂಡೆಗೆ ಸಲ್ಲುತ್ತದೆಂದು ಭಾವಿಸುವುದೇ ನಾನು ಅತಿ ಹೆಚ್ಚು ಕಂಡಿರುವ ತಪ್ಪು.

ನಾರಿನಂಶದ್ದೂ ಇದೇ ಕಥೆ. 100 ಗ್ರಾಂಗೆ 3 ಗ್ರಾಂ ಇದ್ದರೆ ‘ಮೂಲ’, 6 ಗ್ರಾಂ ಇದ್ದರೆ ‘ಹೆಚ್ಚು’. ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇರುವುದರಿಂದ ಉಂಡೆಗೆ ನಾಲ್ಕೂವರೆ ಗ್ರಾಂನಷ್ಟು ಬರುತ್ತದೆ, ಕೊಬ್ಬರಿಯದು ಇನ್ನೂ ಸ್ವಲ್ಪ. ‘ನಾರಿನಂಶದ ಮೂಲ’ ಎಂದು ಬರೆಯಲು ಅಡ್ಡಿಯಿಲ್ಲ.

ಇನ್ನು ಸಕ್ಕರೆ. ‘ಸಕ್ಕರೆರಹಿತ’ ಎನ್ನಲು 100 ಗ್ರಾಂಗೆ 0.5 ಗ್ರಾಂ ಮೀರಬಾರದು, ‘ಕಡಿಮೆ ಸಕ್ಕರೆ’ ಎನ್ನಲು 5 ಗ್ರಾಂ ಮೀರಬಾರದು. ಅಡುಗೆಮನೆಯಲ್ಲಿ ಬೆಲ್ಲ ಬೇರೆ, ಸಕ್ಕರೆ ಬೇರೆ; ಅವೆರಡಕ್ಕೂ ಬೇರೆ ಬೇರೆ ಡಬ್ಬಿಗಳಿವೆ. ಪ್ರಯೋಗಾಲಯದ ದೃಷ್ಟಿಯಲ್ಲಿ ಬೆಲ್ಲದ ಬಹುಪಾಲು ಸಕ್ಕರೆಯೇ. 40 ಗ್ರಾಂ ಬೆಲ್ಲ ಬಿದ್ದ ಉಂಡೆಯಲ್ಲಿ 30 ಗ್ರಾಂಗೂ ಮೀರಿದ ಸಕ್ಕರೆಯಂಶ ಇರುತ್ತದೆ. ‘ಸಕ್ಕರೆ ಸೇರಿಸಿಲ್ಲ’ ಎಂಬ ಮಾತೂ ಇಲ್ಲಿ ಸಲ್ಲದು, ಏಕೆಂದರೆ ಆ ಮಾತು ಬರೆಯಬೇಕಾದರೆ ಯಾವ ಬಗೆಯ ಸಕ್ಕರೆಯನ್ನೂ ಹಾಕಿರಬಾರದು; ಸಕ್ಕರೆಯ ಬದಲಿಗೆ ಒಣಹಣ್ಣಿನ ಪೇಸ್ಟ್‌ನಂತಹ ಸಿಹಿ ಪದಾರ್ಥವನ್ನೂ ಬಳಸಿರಬಾರದು. ಖರ್ಜೂರ ಅರೆದು ಉಂಡೆ ಕಟ್ಟುವವರು ಇದನ್ನು ಗಮನಿಸಬೇಕು. ‘ಬೆಲ್ಲದಿಂದ ಮಾಡಿದ ಉಂಡೆ’ ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ಸತ್ಯವೂ ಉಳಿಯುತ್ತದೆ, ಬೆಲ್ಲ ಇಷ್ಟಪಡುವ ಗಿರಾಕಿಯೂ ಸಿಗುತ್ತಾನೆ.

ಸಹಜವಾಗಿಯೇ ಇಲ್ಲದ ಅಂಶವನ್ನು ಹೊಗಳುವುದಕ್ಕೂ ಒಂದು ರೀತಿ ಇದೆ. ಯಾವ ಶೇಂಗಾ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ಹಾಗಾಗಿ ಅದು ನಿಮ್ಮ ಗಾಣದ ಎಣ್ಣೆಯ ವಿಶೇಷವೆಂಬಂತೆ ಬರೆಯುವಂತಿಲ್ಲ, ಆ ಬಗೆಯ ಆಹಾರದ ಸಾಮಾನ್ಯ ಗುಣವೆಂದು ತಿಳಿಯುವಂತೆ ಬರೆಯಬೇಕು.

ನಾಲ್ಕನೆಯ ಹೆಜ್ಜೆ: ಪ್ರಯೋಗಾಲಯಕ್ಕೆ ಕಳಿಸಿ

ಮೇಲಿನ ಲೆಕ್ಕ ನಿಮ್ಮ ಅಂದಾಜಿಗೆ ಮಾತ್ರ. ಹುರಿಯುವಾಗ ತೇವ ಹೋಗುತ್ತದೆ, ರಾಗಿಯ ತಳಿ ಬದಲಾದರೆ ಅಂಶವೂ ಬದಲಾಗುತ್ತದೆ. ಆದ್ದರಿಂದ ಮಾರಾಟಕ್ಕೆ ಹೋಗುವ ಹದದಲ್ಲೇ ತಯಾರಾದ ಮಾದರಿಯನ್ನು ಎಫ್‌ಎಸ್‌ಎಸ್‌ಎಐ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ನಮ್ಮ ರಾಜ್ಯದಲ್ಲೇ ಇದೆ. ಖಾಸಗಿ ಪ್ರಯೋಗಾಲಯಗಳ ಪಟ್ಟಿಯೂ ಪ್ರಾಧಿಕಾರದ ಜಾಲತಾಣದಲ್ಲಿದೆ. ನೀವು ಮಾಡಬಯಸುವ ಹೇಳಿಕೆಗೆ ಸಂಬಂಧಿಸಿದ ಅಂಶವನ್ನು ಹೆಸರಿಸಿಯೇ ಕೇಳಬೇಕು. ಕ್ಯಾಲ್ಸಿಯಂ ಬೇಕೆಂದು ಕೇಳದಿದ್ದರೆ ಸಾಮಾನ್ಯ ವರದಿಯಲ್ಲಿ ಅದು ಬಾರದೇ ಹೋಗಬಹುದು.

‘ಗ್ಲುಟನ್‌ರಹಿತ’ ಎಂಬ ಮಾತಿಗೆ ಇಲ್ಲಿ ಪ್ರತ್ಯೇಕ ಎಚ್ಚರ ಬೇಕು. ಗ್ಲುಟನ್ ಎಂಬುದು ಗೋಧಿಯಂತಹ ಧಾನ್ಯಗಳಲ್ಲಿರುವ ಒಂದು ಪ್ರೋಟೀನ್. ರಾಗಿಯಲ್ಲಿ ಅದು ಸಹಜವಾಗಿ ಇಲ್ಲ, ನಿಜ. ಆದರೆ ಊರಿನ ಗಿರಣಿಯಲ್ಲಿ ಹಿಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿಯೂ ಬೀಳುತ್ತದೆ. ಮೊದಲ ಒಂದೆರಡು ಸೇರು ಹಿಟ್ಟು ಬೆಳ್ಳಗೆ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ನಿಯಮದ ಮಿತಿ ಕಿಲೋಗೆ 20 ಮಿಲಿಗ್ರಾಂ. ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವ ಮಗುವಿಗೆ ಆ ಬಿಳಿ ಹಿಟ್ಟು ಸಾಕು ಹೊಟ್ಟೆ ಕೆಡಲು. ಪ್ರತ್ಯೇಕ ಗಿರಣಿಯೂ ಪರೀಕ್ಷಾ ವರದಿಯೂ ಇಲ್ಲದೆ ಈ ಪದವನ್ನು ದಯವಿಟ್ಟು ಬಳಸಬೇಡಿ.

ಐದನೆಯ ಹೆಜ್ಜೆ: ಅಂಕಿಯಿಲ್ಲದ ಪದಗಳನ್ನು ತೂಗಿ ನೋಡಿ

‘ನೈಸರ್ಗಿಕ’ ಎಂಬುದು ಏನನ್ನೂ ಬೆರೆಸದ ಒಂಟಿ ಆಹಾರಕ್ಕೆ ಸಲ್ಲುವ ಪದ. ನಾಲ್ಕು ಪದಾರ್ಥ ಸೇರಿದ ಉಂಡೆಗೆ ಸಲ್ಲದು. ‘ಸಾಂಪ್ರದಾಯಿಕ’ ಎನ್ನಬೇಕಾದರೆ ಆ ಮಾಡುವ ವಿಧಾನ ತಲೆಮಾರುಗಳಿಂದ ಹೆಚ್ಚು ಬದಲಾಗದೆ ಬಂದಿರಬೇಕು. ‘ಮನೆಯಲ್ಲಿ ಮಾಡಿದ್ದು’ ಎಂಬ ಮಾತನ್ನು ಗ್ರಾಹಕರಲ್ಲಿ ತಪ್ಪು ಕಲ್ಪನೆ ಹುಟ್ಟಿಸುವಂತೆ ಬಳಸಬಾರದು. ನಿಮ್ಮ ಬ್ರ್ಯಾಂಡಿನ ಹೆಸರಿನಲ್ಲೇ ‘ಶುದ್ಧ’ ಎಂಬಂತಹ ಪದವಿದ್ದು ಅದು ದಾರಿ ತಪ್ಪಿಸುವಂತಿದ್ದರೆ, ಇದು ಕೇವಲ ಬ್ರ್ಯಾಂಡ್ ಹೆಸರು, ಉತ್ಪನ್ನದ ನಿಜಗುಣವಲ್ಲ ಎಂಬ ಸೂಚನೆಯನ್ನು 3 ಮಿಲಿಮೀಟರ್‌ಗಿಂತ ಚಿಕ್ಕದಲ್ಲದ ಅಕ್ಷರದಲ್ಲಿ ಹಾಕಬೇಕು. ‘ಶೇ 100’ ಎಂಬ ಪದವನ್ನು ಲೇಬಲ್‌ನಲ್ಲಿ ಬಳಸದಿರುವಂತೆ 2025ರ ಮೇ ತಿಂಗಳಲ್ಲಿ ಪ್ರಾಧಿಕಾರ ಸಲಹೆ ನೀಡಿದೆ.

ಆರನೆಯ ಹೆಜ್ಜೆ: ಆರೋಗ್ಯದ ಮಾತನ್ನು ಎರಡು ಭಾಗದಲ್ಲಿ ಬರೆಯಿರಿ

ಪೋಷಕಾಂಶ ಇದೆ ಎನ್ನುವುದು ಒಂದು, ಅದರಿಂದ ದೇಹಕ್ಕೆ ಏನಾಗುತ್ತದೆ ಎನ್ನುವುದು ಇನ್ನೊಂದು. ಎರಡನೆಯದನ್ನೂ ಹೇಳಬೇಕೆಂದರೆ ಮೊದಲು ಪೋಷಕಾಂಶದ ಕೆಲಸವನ್ನು, ಆಮೇಲೆ ನಿಮ್ಮ ಆಹಾರದಲ್ಲಿ ಅದು ಇರುವ ಬಗೆಯನ್ನು ಬರೆಯಬೇಕು. ‘ಮೂಳೆ ಮತ್ತು ಹಲ್ಲುಗಳ ಗಟ್ಟಿತನಕ್ಕೆ ಕ್ಯಾಲ್ಸಿಯಂ ಸಹಾಯಕ. ಈ ರಾಗಿ ಹಿಟ್ಟು ಕ್ಯಾಲ್ಸಿಯಂ ಸಮೃದ್ಧವಾಗಿದೆ’ ಎಂಬುದು ಸರಿಯಾದ ಕ್ರಮ. ‘ಈ ಹಿಟ್ಟು ಮೂಳೆ ಸವೆತ ನಿಲ್ಲಿಸುತ್ತದೆ’ ಎಂಬುದು ಸರಿಯಲ್ಲ. ರೋಗದ ಅಪಾಯ ತಗ್ಗಿಸುವ ಮಾತುಗಳಲ್ಲಿ ನಿಯಮಾವಳಿಯ ಅನುಸೂಚಿಯಲ್ಲಿರುವವನ್ನು ಮಾತ್ರ, ಅಲ್ಲಿನ ಷರತ್ತುಗಳಿಗೆ ಒಳಪಟ್ಟು ಬಳಸಬಹುದು. ಪಟ್ಟಿಯ ಹೊರಗಿನದಕ್ಕೆ ಪ್ರಾಧಿಕಾರದ ಪೂರ್ವಾನುಮತಿ ಬೇಕು, ಅದಕ್ಕೆ ವೈಜ್ಞಾನಿಕ ಪುರಾವೆ ಒದಗಿಸಬೇಕು. ಸಣ್ಣ ಘಟಕಗಳು ಆ ದಾರಿ ಹಿಡಿಯದಿರುವುದೇ ಲೇಸೆಂದು ನನ್ನ ಅನಿಸಿಕೆ.

ಕೊನೆಯ ಹೆಜ್ಜೆ: ಸ್ವಲ್ಪವೇ ಅಚ್ಚು ಹಾಕಿಸಿ, ಕಡತ ಇಟ್ಟುಕೊಳ್ಳಿ

ಅಗ್ಗವಾಗುತ್ತದೆಂದು ಹತ್ತು ಸಾವಿರ ಪೌಚ್ ಒಮ್ಮೆಲೇ ಅಚ್ಚು ಹಾಕಿಸಬೇಡಿ. ಮೊದಲ ಕೆಲವು ತಿಂಗಳು ಸಾದಾ ಪೌಚ್ ಮೇಲೆ ಸ್ಟಿಕ್ಕರ್ ಸಾಕು. ಪ್ರತಿ ಹೇಳಿಕೆಯ ಎದುರಿಗೆ ಅದಕ್ಕೆ ಆಧಾರವಾದ ವರದಿಯ ಸಂಖ್ಯೆ, ದಿನಾಂಕ, ಆಗ ಬಳಸಿದ ಪದಾರ್ಥಗಳ ಪ್ರಮಾಣ, ಲೇಬಲ್‌ನ ಒಂದು ಪ್ರತಿ, ಇವಿಷ್ಟನ್ನೂ ಒಂದು ಕಡತದಲ್ಲಿಡಿ. ಬೆಲೆ ಏರಿತೆಂದು ರಾಗಿ ತಗ್ಗಿಸಿ ಬೆಲ್ಲ ಹೆಚ್ಚಿಸಿದರೆ ಮೂರನೆಯ ಹೆಜ್ಜೆಯಿಂದ ಮತ್ತೆ ಲೆಕ್ಕ ಹಾಕಬೇಕು. ಅಧಿಕಾರಿಗಳಿಂದ ಸುಧಾರಣಾ ನೋಟಿಸ್ ಬಂದರೆ ಗಾಬರಿ ಬೇಡ. ಆಹಾರ ಸುರಕ್ಷತೆ ಕಾಯ್ದೆಯ 32ನೇ ಕಲಮಿನ ಪ್ರಕಾರ ಸರಿಪಡಿಸಿಕೊಳ್ಳಲು ಕನಿಷ್ಠ 14 ದಿನಗಳ ಕಾಲಾವಕಾಶ ಕೊಡಬೇಕು. ಆ ದಿನಗಳೊಳಗೆ ತಪ್ಪಿದ ಸಾಲನ್ನು ತೆಗೆದು, ಹೊಸ ಲೇಬಲ್‌ನ ಪ್ರತಿಯೊಂದಿಗೆ ಲಿಖಿತ ಉತ್ತರ ಕೊಟ್ಟು, ಸ್ವೀಕೃತಿ ಪಡೆದು ಅದನ್ನೂ ಅದೇ ಕಡತಕ್ಕೆ ಸೇರಿಸಿ.